ಬ್ರೇಕಿನೊಳಗೆ ಉಳಿದ ಗಾಳಿ

ಗೃಹಸ್ಥನಿಂದ ಆಗುವ ಹಿಂಸೆಯನ್ನು ನಮ್ಮ ಆಚಾರ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂದೇ ಮಾಡುವುದು ಸಂಕಲ್ಪಿ ಹಿಂಸೆ. ಅಡುಗೆ, ಕಸ ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭಿ ಹಿಂಸೆ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗಿ ಹಿಂಸೆ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ ಹಿಂಸೆ. ಮೊದಲನೆಯದನ್ನು ಶ್ರಾವಕನು ಪೂರ್ತಿ ತ್ಯಜಿಸಬೇಕು, ಉಳಿದ ಮೂರನ್ನು ಯತ್ನಾಚಾರದಿಂದ ಆದಷ್ಟೂ ಕಡಿಮೆ ಮಾಡಿಕೊಳ್ಳಬೇಕು ಎಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ.

ವ್ಯಾಪಾರಸ್ಥರಾದ ನಮಗೆ ಮೂರನೆಯ ಖಾತೆ ಬಹಳ ಅನುಕೂಲದ ಖಾತೆ. ಅಂಗಡಿಯಲ್ಲಿ, ಗೋದಾಮಿನಲ್ಲಿ, ಸರಕು ಸಾಗಣೆಯಲ್ಲಿ ಏನೇ ಜೀವಹಾನಿಯಾದರೂ "ಉದ್ಯೋಗಿ ಹಿಂಸೆ, ಏನು ಮಾಡುವುದು?" ಎಂದು ಅದರಲ್ಲಿ ಬರೆದು ಮುಗಿಸಿಬಿಡುತ್ತೇವೆ. ಆದರೆ ಯಾವ ಯಾವ ಹಾನಿಯನ್ನು ಆ ಖಾತೆಗೆ ಬರೆಯಬಹುದು, ಯಾವುದನ್ನು ಬರೆಯಬಾರದು? ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೆಸರಿಸಿದ್ದಾರೆ. ಎಚ್ಚರದಿಂದಿದ್ದೂ ತಪ್ಪಿಸಲಾಗದೆ ಆದದ್ದು ಒಂದು. ಎಚ್ಚರವಿಲ್ಲದೆ ಆದದ್ದು ಇನ್ನೊಂದು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಗುಮಾಸ್ತನನ್ನು ನಾವು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಈ ವಿಚಾರ ನನಗೆ ಸ್ಪಷ್ಟವಾದದ್ದು ಒಂದು ಮೋಟಾರ್ ಸೈಕಲ್ಲಿನ ಬ್ರೇಕ್ ರಿಪೇರಿಯಿಂದ. ಧರ್ಮದ ಪತ್ರಿಕೆಯಲ್ಲಿ ಬ್ರೇಕಿನ ಮಾತೇಕೆ ಎಂದು ಓದುಗರು ಹುಬ್ಬೇರಿಸಬಾರದು. ಪೂರ್ತಿ ಓದಿ ಆಮೇಲೆ ಹೇಳಬೇಕು.

ಉಡುಮಲೈಪೇಟೆಯಲ್ಲಿ ನಮ್ಮದು ಬೆಲ್ಲದ ಮಂಡಿ. ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಊರು 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಅದಕ್ಕೆ ಸೇರಿತು. ಪೂರ್ವಕ್ಕೆ ಪಳನಿ, ಪಶ್ಚಿಮಕ್ಕೆ ಪೊಳ್ಳಾಚಿ, ದಕ್ಷಿಣಕ್ಕೆ ಅಮರಾವತಿ ಅಣೆಕಟ್ಟಿನ ಪಕ್ಕದಿಂದ ಚಿನ್ನಾರ್ ಕಾಡು ಹಾಯ್ದು ಮರಯೂರು, ಮುನ್ನಾರ್. ಮರಯೂರಿನ ಬೆಲ್ಲಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಮೇಲೆ ಅದನ್ನು ಕೇಳಿ ಬರುವ ಗಿರಾಕಿಗಳು ಹೆಚ್ಚಾದರು. ಆಲೆಮನೆಗಳಿಗೆ ಹೋಗಿ ಸರಕು ನೋಡಿ ಬರಲು ನಮ್ಮ ಹುಡುಗರು ಮೋಟಾರ್ ಸೈಕಲ್ಲಿನಲ್ಲೇ ಓಡಾಡುತ್ತಾರೆ. ಸುಮಾರು ಸಾವಿರ ಮೀಟರ್ ಎತ್ತರದ ಮರಯೂರಿನಿಂದ ಕೆಳಗಿಳಿಯುವ ದಾರಿ ತಿರುವುಗಳಿಂದ ತುಂಬಿದೆ. ಚಿನ್ನಾರ್ ಅಭಯಾರಣ್ಯದಲ್ಲಿ ಆನೆ, ಜಿಂಕೆ, ಮಂಗಗಳು ರಸ್ತೆಗೆ ಬರುತ್ತವೆ. ಮಳೆಗಾಲದ ಸಂಜೆ ಕಪ್ಪೆಗಳನ್ನಂತೂ ಎಣಿಸಲಾಗದು. ಇದರ ಮೇಲೆ ನಮ್ಮ ಮನೆಗಳದೇ ಒಂದು ಅವಸರ ಉಂಟು: ರಾತ್ರಿಭೋಜನ ತ್ಯಾಗ ಮಾಡಿದ ಹುಡುಗ ಸೂರ್ಯಾಸ್ತದ ಒಳಗೆ ಮನೆ ಸೇರಬೇಕೆಂದು ಗಾಡಿಯನ್ನು ಓಡಿಸುತ್ತಾನೆ. ವ್ರತ ಉಳಿಸಿಕೊಳ್ಳುವ ಆತುರದಲ್ಲಿ ಇನ್ನೊಂದು ಜೀವದ ಮೇಲೆ ಚಕ್ರ ಹರಿದರೆ ಆ ವ್ರತದ ಗತಿ ಏನು?

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ನಮ್ಮ ಸಮಾಜಕ್ಕೆ ಇನ್ನೂ ಒಂದು ನೋವಿದೆ. ಬರಿಗಾಲಿನಲ್ಲಿ, ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆ ಇಡುತ್ತಾ ವಿಹಾರ ಮಾಡುವ ಮುನಿಗಳು, ಆರ್ಯಿಕೆಯರು, ಸಾಧ್ವಿಯರು ಹೆದ್ದಾರಿಯ ಅಂಚಿನಲ್ಲಿ ವಾಹನ ಬಡಿದು ದೇಹ ಬಿಟ್ಟ ಸುದ್ದಿಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಅವರು ನಾಲ್ಕು ಮೊಳ ನೋಡುತ್ತಾರೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಓಡುತ್ತದೆ. ಈರ್ಯಾಸಮಿತಿ ಎಂಬುದು ಕಾಲಿನಲ್ಲಿ ನಡೆಯುವವರಿಗೆ ಮಾತ್ರ ಇರಲಿ, ಚಕ್ರದ ಮೇಲೆ ಕುಳಿತವನಿಗೆ ಬೇಡ ಎನ್ನುವುದು ನ್ಯಾಯವಲ್ಲ. ಗಾಡಿಯ ಮೇಲಿರುವವನ ಈರ್ಯಾಸಮಿತಿ ಅರ್ಧ ಅವನ ಕಣ್ಣಿನಲ್ಲಿದ್ದರೆ ಇನ್ನರ್ಧ ಬ್ರೇಕಿನಲ್ಲಿದೆ.

ಈಗ ನಡೆದ ಸಂಗತಿ. ನಮ್ಮ ಮಂಡಿಯ ಒಂದು ಗಾಡಿಯ ಮುಂದಿನ ಬ್ರೇಕಿನ ರಬ್ಬರ್ ಹೋಸ್ ಹಳೆಯದಾಗಿ, ಬಾಗುವ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟು, ಒಂದು ಕಡೆ ಜಿನುಗುತ್ತಿತ್ತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಹೊಸ ಹೋಸ್ ಹಾಕಿಸಿದೆವು. ಸಂಜೆ ಗಾಡಿ ಬಂತು. ಬ್ರೇಕ್ ಲಿವರ್ ಹಿಡಿದು ನೋಡಿದರೆ ನೆನೆದ ಹತ್ತಿಯನ್ನು ಹಿಸುಕಿದ ಹಾಗೆ ಮೆತ್ತಗೆ ಹ್ಯಾಂಡಲ್‌ಗೆ ತಾಗುತ್ತಿತ್ತು. ಕೇಳಿದ್ದಕ್ಕೆ "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಎಂಬ ಉತ್ತರ. ಮರುದಿನ ಬೆಳಿಗ್ಗೆ ತಮ್ಮನ ಮಗ ಅದೇ ಗಾಡಿಯಲ್ಲಿ ಮರಯೂರಿಗೆ ಹೊರಡಬೇಕಿತ್ತು. "ದೊಡ್ಡಪ್ಪ, ಹಿಂದಿನ ಬ್ರೇಕ್ ಚೆನ್ನಾಗಿದೆ, ಮೆಲ್ಲಗೆ ಹೋಗಿ ಬರ್ತೀನಿ" ಎಂದ. ಅವನ ತಾಯಿ ಬಾಗಿಲ ಬಳಿ ನಿಂತು, "ಭಾವ, ನೀವೇ ಹೇಳಿ" ಎಂದಳು. ನಾನು ಬೀಗದ ಕೈ ತೆಗೆದು ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟೆ. ಒಂದು ದಿನದ ವ್ಯಾಪಾರ ಹೋದರೆ ಮರುದಿನ ಬರುತ್ತದೆ.

ಮಾರನೆಯ ದಿನ ನಮಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೆ ಕರೆಸಿದೆವು. ದೇವಾಂಗ ನೇಕಾರರ ಮನೆತನದವರು. ಕೊಂಗುನಾಡಿನ ದೇವಾಂಗರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ, ತಮಿಳು ಬೆರೆತ ಕನ್ನಡ ಅವರ ಮನೆಮಾತು. ಲಿವರ್ ಒಂದು ಸಲ ಒತ್ತಿ, "ಮೊದಲಾಳಿ, ಒಳಗೆ ಏರ್ ನಿಂತದೆ. ಪೈಪು ಹಾಕಿದ್ದಾರೆ, ಏರ್ ತೆಗೆದಿಲ್ಲ" ಎಂದರು. ಅಂಗಳದಲ್ಲಿ ಕುಳಿತು ಅವರು ಮಾಡಿದ ಎರಡು ಗಂಟೆಯ ಕೆಲಸವನ್ನು ನಾನೂ ಮಕ್ಕಳೂ ಪಕ್ಕದಲ್ಲೇ ಕುಳಿತು ನೋಡಿದೆವು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬ್ಲೀಡಿಂಗ್, ಅಂದರೆ ರಕ್ತ ಹರಿಸುವುದು, ಎಂಬ ಹೆಸರು. ಜೈನರ ಮನೆಯಲ್ಲಿ ಅಂಥ ಹೆಸರಿನ ಕೆಲಸವೇ ಎಂದು ಮಕ್ಕಳು ನಕ್ಕರು. ರಕ್ತ ಹರಿಯದಿರಲೆಂದೇ ಮಾಡುವ ಕೆಲಸ ಇದು.

ಹಿಂದಿನ ಗಾಡಿಗಳಿಗೆ ಈ ತೊಂದರೆ ಇರಲಿಲ್ಲ. ಮೈಸೂರಿನ ಕಾರ್ಖಾನೆಯಿಂದ 1996ರವರೆಗೆ ಬಂದ ಜಾವಾ, ಯೆಜ್ದಿ ಗಾಡಿಗಳಿಗೆಲ್ಲ ಡ್ರಮ್ ಬ್ರೇಕ್. ಕೇಬಲ್ ಅಥವಾ ಸರಳು ಎಳೆದರೆ ಕೆಲಸ ಮಾಡುವಂಥದು. ಸಡಿಲವಾದರೆ ನಟ್ಟು ತಿರುಗಿಸಿದರೆ ಸಾಕು. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಜೆಡ್, 2001ರಲ್ಲಿ ಬಂದ ಬಜಾಜ್ ಪಲ್ಸರ್ ಮುಂತಾದವುಗಳ ನಂತರ ನಮ್ಮ ಊರುಗಳಲ್ಲೂ ಡಿಸ್ಕ್ ಬ್ರೇಕ್ ಸಾಮಾನ್ಯವಾಯಿತು. ಇದರಲ್ಲಿ ಕೇಬಲ್ ಇಲ್ಲ, ದ್ರವವಿದೆ. ಕೈಯ ಲಿವರ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ಹೋಸಿನ ಮೂಲಕ ಆ ಒತ್ತಡ ಚಕ್ರದ ಬಳಿಯ ಕ್ಯಾಲಿಪರ್ ತಲುಪುತ್ತದೆ. ಅಲ್ಲಿನ ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತದೆ. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ನಿಯಮ ಫ್ರಾನ್ಸಿನ ಪಾಸ್ಕಲನದು. ಅವನು ಸತ್ತ ಮರುವರ್ಷ, 1663ರಲ್ಲಿ, ಆ ಗ್ರಂಥ ಅಚ್ಚಾಯಿತು.

ಲೆಕ್ಕ ಸುಲಭ. ಮೇಲಿನ ಪಿಸ್ಟನ್ನಿನ ವ್ಯಾಸ 12 ಮಿ.ಮೀ., ಕೆಳಗಿನದು 24 ಮಿ.ಮೀ. ಎಂದು ಇಟ್ಟುಕೊಳ್ಳೋಣ. ವ್ಯಾಸ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು. ಮೇಲೆ ಒಂದು ಪಾಲು ಬಲ ಹಾಕಿದರೆ ಕೆಳಗೆ ನಾಲ್ಕು ಪಾಲು ಬರುತ್ತದೆ. ಆದರೆ ಯಾರೂ ಲಾಭವನ್ನು ಪುಕ್ಕಟೆ ಕೊಡುವುದಿಲ್ಲ: ಮೇಲಿನ ಪಿಸ್ಟನ್ 4 ಮಿ.ಮೀ. ಸರಿದರೆ ಕೆಳಗಿನದು ಸರಿಯುವುದು 1 ಮಿ.ಮೀ. ಮಾತ್ರ. ಅಷ್ಟು ಚಿಕ್ಕ ಚಲನೆಯಲ್ಲಿ ಬ್ರೇಕಿನ ಕೆಲಸವೆಲ್ಲ ನಡೆಯಬೇಕು. ದ್ರವವನ್ನು ಅದುಮಿದರೆ ಕುಗ್ಗುವುದಿಲ್ಲ ಎನ್ನಬಹುದು. ಗಾಳಿ ಚೆನ್ನಾಗಿ ಕುಗ್ಗುತ್ತದೆ. ಕಡಲೆಕಾಳಿನಷ್ಟು ಗುಳ್ಳೆ ಒಳಗಿದ್ದರೂ ನಮ್ಮ ಕೈಯ ಒತ್ತಡ ಮೊದಲು ಅದನ್ನು ಕುಗ್ಗಿಸುವುದರಲ್ಲೇ ಖರ್ಚಾಗಿ, ಪ್ಯಾಡಿಗೆ ಉಳಿಯುವುದು ಅಲ್ಪ. ಲಿವರ್ ಮೆತ್ತಗಾಗುವ ಗುಟ್ಟು ಇದೇ. "ಓಡಿಸ್ತಾ ಸರಿಹೋಗುತ್ತೆ" ಎನ್ನುವುದು ಸುಳ್ಳು. ಮುಚ್ಚಿದ ಕೊಳವೆಯ ಗಾಳಿ ದಾರಿ ಮಾಡಿಕೊಡದೆ ತಾನಾಗಿ ಹೊರಗೆ ಹೋಗುತ್ತದೆಂದು ನಂಬಿ ಯಾರನ್ನೂ ರಸ್ತೆಗೆ ಕಳಿಸಬಾರದು.

ಮೆಕ್ಯಾನಿಕ್ ಮೊದಲು ಪೆಟ್ರೋಲ್ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಬ್ರೇಕ್ ದ್ರವ ಒಂದು ಹನಿ ಬಿದ್ದರೂ ಬಣ್ಣ ಕಿತ್ತು ಬರುತ್ತದೆ. ಬಿದ್ದರೆ ಕೂಡಲೇ ನೀರಿನಲ್ಲಿ ತೊಳೆಯಬೇಕು. ಹೋಸಿನ ಎರಡೂ ತುದಿಯ ಬೋಲ್ಟ್ ಬಿಚ್ಚಿ ನೋಡಿದರೆ ಹಳೆಯ ತಾಮ್ರದ ವಾಷರುಗಳನ್ನೇ ಮತ್ತೆ ಹಾಕಿದ್ದರು. ಪ್ರತಿ ತುದಿಗೆ ಎರಡರಂತೆ ನಾಲ್ಕು ಹೊಸ ವಾಷರ್ ಹಾಕಿದರು. ಒಮ್ಮೆ ಅದುಮಿ ಚಪ್ಪಟೆಯಾದ ತಾಮ್ರ ಎರಡನೆಯ ಸಲ ಸರಿಯಾಗಿ ಕೂರುತ್ತದೆಂಬ ಭರವಸೆ ಇಲ್ಲ. ಆಮೇಲೆ ಹ್ಯಾಂಡಲ್ ತಿರುಗಿಸಿ, ಮೇಲಿನ ಡಬ್ಬಿಯನ್ನು ಮಟ್ಟವಾಗಿ ನಿಲ್ಲಿಸಿ, ಮುಚ್ಚಳ ತೆಗೆದು ಹೊಸ ದ್ರವ ತುಂಬಿದರು. ಕ್ಯಾಲಿಪರಿನ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿದರು. ತುದಿ ಮುಳುಗಿದ್ದರೆ ಹೊರಗಿನ ಗಾಳಿ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಮುಂದಿನದು ಇಬ್ಬರ ಕೆಲಸ. ತಮ್ಮನ ಮಗನನ್ನು ಲಿವರಿನ ಬಳಿ ನಿಲ್ಲಿಸಿದರು. ಅವನು ನಿಧಾನವಾಗಿ ಎರಡು ಮೂರು ಸಲ ಒತ್ತಿ, ಕೊನೆಯ ಸಲ ಬಿಡದೆ ಹಿಡಿಯಬೇಕು. ಹಿಡಿದಿರುವಾಗ ಇವರು ಸ್ಪ್ಯಾನರಿನಿಂದ ನಿಪ್ಪಲನ್ನು ಕಾಲು ಸುತ್ತು ಸಡಿಲಿಸುತ್ತಾರೆ. ಗುಳ್ಳೆಗಳೊಂದಿಗೆ ದ್ರವ ಟ್ಯೂಬಿಗೆ ಬರುತ್ತದೆ, ಲಿವರ್ ಹ್ಯಾಂಡಲ್‌ವರೆಗೆ ಇಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಅವನು ಕೈ ಬಿಡಬೇಕು. ಬಿಗಿ ಮಾಡುವ ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸು. ಹುಡುಗ ಆತುರಪಟ್ಟಾಗ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ತಂಬಿ, ಗಾಳಿಗೆ ಅವಸರ ಇಲ್ಲ. ನಮಗ್ಯಾಕೆ?"

ಡಬ್ಬಿಯ ಮೇಲೆ ಒಂದು ಕಣ್ಣು ಇಟ್ಟಿರುವ ಕೆಲಸ ನನ್ನ ಪಾಲಿಗೆ ಬಂತು. ದ್ರವ ಕೆಳಗಿನ ಗುರುತಿಗೆ ಇಳಿಯುವ ಮೊದಲೇ ತುಂಬಿಸಬೇಕು. ಅದು ಬರಿದಾಗಿ ಕೆಳಗಿನ ರಂಧ್ರ ಕಂಡರೆ ಸಿಲಿಂಡರ್ ಮತ್ತೆ ಗಾಳಿ ನುಂಗುತ್ತದೆ, ಮಾಡಿದ್ದೆಲ್ಲ ಮಣ್ಣು. ಬಂಡವಾಳ ಬತ್ತುವ ಮುನ್ನ ತುಂಬಿಸಬೇಕೆಂಬುದು ನಮ್ಮ ಕಸುಬಿನವರಿಗೆ ಹೊಸ ಪಾಠವಲ್ಲ.

ಹದಿನೈದು ಸಲ ಮಾಡಿದರೂ ಲಿವರ್ ಪೂರ್ತಿ ಗಟ್ಟಿಯಾಗಲಿಲ್ಲ. ಹೋಸ್ ಬದಲಿಸಿದಾಗ ಇದು ಸಹಜವಂತೆ. ಹೊಸ ಕೊಳವೆ ಪೂರ್ತಿ ಖಾಲಿಯಾಗಿರುತ್ತದೆ. ನಾವು ಗಾಳಿಯನ್ನು ಕೆಳಗೆ ತಳ್ಳುತ್ತೇವೆ, ಅದರ ಸ್ವಭಾವ ಮೇಲೇರುವುದು. ಎರಡರ ಜಗ್ಗಾಟದಲ್ಲಿ ಗುಳ್ಳೆ ನಡುವೆ ನಿಲ್ಲುತ್ತದೆ. ಆಗ ಅವರು ಸ್ವಭಾವದೊಂದಿಗೆ ಜಗಳ ಬಿಟ್ಟರು. ಮೇಲಿನ ಡಬ್ಬಿಯಿಂದ ಅರ್ಧ ದ್ರವ ತೆಗೆದು ಜಾಗ ಮಾಡಿ, ಸಿರಿಂಜಿನಲ್ಲಿ ಹೊಸ ದ್ರವ ತುಂಬಿ, ಕೆಳಗಿನ ನಿಪ್ಪಲಿನಿಂದ ಮೆಲ್ಲಗೆ ಮೇಲಕ್ಕೆ ತಳ್ಳಿದರು. ಹೋಸನ್ನು ಬೆರಳಿನಿಂದ ತಟ್ಟುತ್ತಾ ಹೋದಂತೆ ಡಬ್ಬಿಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ನಂತರ ಲಿವರನ್ನು ಗುಂಜಿನಷ್ಟು ಮಾತ್ರ ಪದೇ ಪದೇ ಒತ್ತಿದಾಗ ಇನ್ನಷ್ಟು ಬಂದವು. ಕೊನೆಗೆ ಲಿವರ್ ಕಲ್ಲಿನಂತೆ ನಿಂತಿತು. ಒಂದು ನಿಮಿಷ ಬಿಗಿಯಾಗಿ ಹಿಡಿಸಿ ಕುಸಿಯುತ್ತದೆಯೇ ನೋಡಿದರು. ಎರಡೂ ಕೀಲುಗಳಿಗೆ ಕಾಗದ ಒತ್ತಿ ಜಿನುಗುತ್ತದೆಯೇ ನೋಡಿದರು. ಚಕ್ರ ಎತ್ತಿ ತಿರುಗಿಸಿ, ಲಿವರ್ ಬಿಟ್ಟಾಗ ಸಲೀಸಾಗಿ ಸುತ್ತುತ್ತದೆಯೇ ನೋಡಿದರು. ಆಮೇಲೆ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷೆ. ಇಷ್ಟಾದ ಮೇಲೆ ರಸ್ತೆ.

ಅವರು ಹೇಳಿದ ಇನ್ನೊಂದು ಸಂಗತಿ ಬೆಲ್ಲದ ವ್ಯಾಪಾರಿಯಾದ ನನಗೆ ಬಹಳ ಹಿಡಿಸಿತು. ಬೆಲ್ಲ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ನೀರೊಡೆಯುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಬ್ರೇಕ್ ದ್ರವದ ಗುಣವೂ ಹಾಗೆಯೇ. ಅದರ ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಡಾಟ್ 4 ದ್ರವ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ನೂರಕ್ಕೆ ನಾಲ್ಕು ಪಾಲಿನಷ್ಟೂ ಇಲ್ಲದ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಕಾದ ಕ್ಯಾಲಿಪರಿನಲ್ಲಿ ಅಂಥ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯ ಹಾಗೆಯೇ ಕುಗ್ಗುವಂಥದು. ಬೆಟ್ಟದ ಮೇಲೆ ಚೆನ್ನಾಗಿದ್ದ ಬ್ರೇಕ್ ಅರ್ಧ ಇಳಿದ ಮೇಲೆ ಕೈಕೊಡುವುದು ಹೀಗೆ. ಹೊಸ ದ್ರವ ತಿಳಿ ಹಳದಿ. ಹಳೆಯದು ಪಾಕದ ಬಣ್ಣಕ್ಕೆ ತಿರುಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ.

ಉಡುಮಲೈಪೇಟೆಯ ಹೆದ್ದಾರಿಗೆ ಹಿಂದೆ 209 ಎಂಬ ಸಂಖ್ಯೆ ಇತ್ತು. ದಿಂಡುಗಲ್ಲಿನಿಂದ ಹೊರಟು ಪಳನಿ, ಉಡುಮಲೈ, ಪೊಳ್ಳಾಚಿ, ಕೊಯಮತ್ತೂರು, ಸತ್ಯಮಂಗಲ ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಏರಿ, ಚಾಮರಾಜನಗರ, ಕೊಳ್ಳೇಗಾಲ, ಕನಕಪುರದ ಮೂಲಕ ಬೆಂಗಳೂರು ಸೇರುತ್ತಿದ್ದ ಒಂದೇ ದಾರಿ. ಈಗ ಕೊಯಮತ್ತೂರಿನ ಈಚೆಗೆ 83, ಆಚೆಗೆ 948 ಎಂದು ಸಂಖ್ಯೆ ಬದಲಾಗಿದೆ, ತಿರುವುಗಳು ಬದಲಾಗಿಲ್ಲ. ವನ್ಯಮೃಗಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ದಿಂಬಂ ದಾರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಪ್ರಾಣಿಗಳಿಗಾಗಿ ನ್ಯಾಯಾಲಯ ಒಂದು ಹೆದ್ದಾರಿಯನ್ನೇ ರಾತ್ರಿ ನಿಲ್ಲಿಸಬಹುದಾದರೆ, ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಒಂದು ಗಾಡಿಯನ್ನು ಒಂದು ದಿನ ನಿಲ್ಲಿಸುವುದು ಹೆಚ್ಚೇ?

ಧರ್ಮಬಂಧುಗಳಲ್ಲಿ ಕೆಲವು ಮಾತು ಅರಿಕೆ. ನಮ್ಮದು ಮಿತವ್ಯಯದ ಸಮಾಜ, ಅದು ಒಳ್ಳೆಯದೇ. ಆದರೆ ಬಾಟಲಿಯಲ್ಲಿ ಉಳಿದ ಹಳೆಯ ಬ್ರೇಕ್ ದ್ರವವನ್ನು ಕಪಾಟಿನಲ್ಲಿ ಎತ್ತಿಟ್ಟು ವರ್ಷದ ನಂತರ ಹಾಕಬೇಡಿ. ಮುಚ್ಚಳ ತೆರೆದ ದಿನದಿಂದ ಅದು ತೇವ ಹೀರುತ್ತಿರುತ್ತದೆ. ಟ್ಯೂಬಿನಿಂದ ಹೊರಬಂದದ್ದನ್ನು ಮತ್ತೆ ಸುರಿಯಬೇಡಿ. ಬಾಯಿಮಾತಿನಲ್ಲಿ "ಬ್ರೇಕ್ ಆಯಿಲ್" ಎನ್ನುತ್ತೇವೆಂದು ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಕೆಡುತ್ತದೆ. ತೆಗೆದ ದ್ರವ ವಿಷ. ಚರಂಡಿಗೆ, ಗಿಡದ ಬುಡಕ್ಕೆ, ಇರುವೆಯ ಗೂಡಿನ ಕಡೆಗೆ ಚೆಲ್ಲದೆ, ಮುಚ್ಚಿದ ಬಾಟಲಿಯಲ್ಲಿ ವರ್ಕ್‌ಶಾಪಿಗೆ ಕೊಡಿ. ಬೇಡವಾದದ್ದನ್ನು ನಿರ್ಜೀವ ಸ್ಥಳ ನೋಡಿ ಬಿಡಬೇಕೆಂಬ ಉತ್ಸರ್ಗಸಮಿತಿಯನ್ನು ನಾವೂ ಇಷ್ಟು ಮಟ್ಟಿಗೆ ಪಾಲಿಸಬಹುದು. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅಂಥ ಗಾಡಿಯ ಯಂತ್ರದೊಳಗೆ ಗಾಳಿ ಸಿಕ್ಕಿಕೊಂಡರೆ ಕೆಲವೊಮ್ಮೆ ಕಂಪನಿಯ ಉಪಕರಣವಿಲ್ಲದೆ ಹೊರಬರುವುದಿಲ್ಲ. ಅದನ್ನು ತಿಳಿದವರಿಗೇ ಬಿಡಿ.

ಮುಖ್ಯವಾಗಿ, ಸಾಮಾನು ತಲುಪಿಸಲು ನಾವು ಸಂಬಳ ಕೊಟ್ಟು ಕಳಿಸುವ ಹುಡುಗರನ್ನು ನೆನೆಯಿರಿ. ಬ್ರೇಕ್ ಮೆತ್ತಗಿದೆ ಎಂದು ಹೇಳಲು ಅವರಿಗೆ ಸಂಕೋಚ. ಒಂದು ದಿನದ ಕೂಲಿ ಹೋದೀತೆಂಬ ಭಯ. ಅವರು ಹೇಳಿದ ದಿನ ಗದರಿಸದೆ ಗಾಡಿ ನಿಲ್ಲಿಸುವುದು ಯಜಮಾನನ ಧರ್ಮ. ನಮ್ಮ ಮಂಡಿಯಲ್ಲಿ ಈಗ ಪ್ರತಿ ಗಾಡಿಗೂ ಬಹಿಯಲ್ಲಿ ಒಂದು ಪುಟ ತೆರೆದಿದ್ದೇವೆ: ಹೋಸ್ ಹಾಕಿದ ದಿನ, ದ್ರವ ಬದಲಿಸಿದ ದಿನ, ಪ್ಯಾಡ್ ನೋಡಿದ ದಿನ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ ಲಿವರನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ನೋಡುವುದು ಕಡ್ಡಾಯ. ಇದಕ್ಕೆ ಹಿಡಿಯುವ ಹೊತ್ತು ಒಂದು ಣಮೋಕಾರ ಮಂತ್ರದಷ್ಟು.

ಇಷ್ಟು ಎಚ್ಚರ ವಹಿಸಿದ ಮೇಲೂ ಚಕ್ರಕ್ಕೆ ಒಂದು ಕೀಟ ಸಿಕ್ಕಿದರೆ ಅದು ಉದ್ಯೋಗಿ ಹಿಂಸೆ. ಅದಕ್ಕೆ ಸಂಜೆಯ ಪ್ರತಿಕ್ರಮಣದಲ್ಲಿ ಕ್ಷಮೆ ಕೇಳೋಣ. ಆದರೆ ಗೊತ್ತಿದ್ದೂ ತೆಗೆಯದೆ ಬಿಟ್ಟ ಗಾಳಿಯಿಂದ ಒಂದು ಜೀವ ಹೋದರೆ ಅದನ್ನು ಆ ಖಾತೆಗೆ ಬರೆಯಲು ಬರುವುದಿಲ್ಲ. ಅದು ಪ್ರಮಾದದ ಖಾತೆ, ಅದರ ಬಾಕಿಯನ್ನು ನಮ್ಮ ಪರವಾಗಿ ಬೇರೆ ಯಾರೂ ತೀರಿಸಲಾರರು.